ಓಡುವ ನೆಲ

ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಕಪ್ಪು ಡಬ್ಬಿ.
ಎರಡೂ ಕಾಲಿನ ಹರಡಿಗೆ ಒಂದೊಂದು, ಸೊಂಟಕ್ಕೊಂದು.
ಬೆಲ್ಟು ಬಿಗಿದು ನೌಶೀನ್ ಅನ್ನುತ್ತಾಳೆ:
"ನಡೀರಿ ಹೊನ್ನಗಂಗಮ್ಮ, ಆ ಗೋಡೆವರೆಗೂ, ವಾಪಸ್ಸು."

ಹತ್ತು ಮೀಟರು. ಬಿಳಿ ಟೈಲು.
ಕದಲದ ನೆಲ.

ಇಪ್ಪತ್ತೆರಡು ವರ್ಷ ನಾನು ನಡೆದದ್ದು ಇಂಥದರ ಮೇಲಲ್ಲ ತಾಯಿ.
ಮಿನರ್ವಾ ಸರ್ಕಲ್ಲಿನ ತಿರುವಲ್ಲಿ ನೆಲ ಎಡಕ್ಕೆ ಜಾರುತ್ತಿತ್ತು,
ಹಂಪ್ ಬಂದರೆ ಗೇಣುದ್ದ ಎದ್ದು ಬೀಳುತ್ತಿತ್ತು,
ನಾನು ಕಂಬಿಗೆ ಸೊಂಟ ಆನಿಸಿ
ಐನೂರರ ನೋಟಿಗೆ ಚಿಲ್ಲರೆ ಎಣಿಸುತ್ತಿದ್ದೆ.
ಆಗ ಕಟ್ಟಬೇಕಿತ್ತು ಈ ಡಬ್ಬಿ.

ಪರದೆಯ ಮೇಲೆ ನನ್ನ ಕಾಲೆರಡೂ ಗೆರೆಯಾಗಿವೆ:
ಬಲದ್ದು ಗುಡ್ಡದ ಸಾಲು,
ಎಡದ್ದು ಜೆಸಿಬಿ ಹೊಕ್ಕ ಗುಡ್ಡ.
ಲಕ್ವ ಹೊಡೆದ ನಾನೂರು ಮಂದಿಯ ಗೆರೆಗಳ ಪಕ್ಕ
ನನ್ನದನ್ನೂ ಇಟ್ಟು ನೋಡಿ ಅದು ಹೇಳುತ್ತದಂತೆ:
ಹದಿನಾಲ್ಕು ವಾರಕ್ಕೆ ಕೋಲಿಲ್ಲದ ನಡಿಗೆ,
ನೂರಕ್ಕೆ ಅರವತ್ತೆಂಟು.

ನಗು ಬಂತು. ಬಾಯಿ ಒಂದೇ ಕಡೆ ನಕ್ಕಿತು.

ಈ ಕಸುಬು ನನಗೂ ಗೊತ್ತು ಕಣೇ.
ಚೀಲ ಕೈ ಬದಲಾಯಿಸಿದರೆ ಇನ್ನೆರಡು ಸ್ಟಾಪು,
ಮಗುವಿಗೆ ಚಪ್ಪಲಿ ತೊಡಿಸಿದರೆ ಮುಂದಿನದ್ದೇ,
ಕಿಟಕಿಗೆ ತಲೆ ಕೊಟ್ಟವರು ಡಿಪೋ ತನಕ.
ಬಾಯಿ ಬಿಡುವ ಮೊದಲೇ ನನ್ನ ಬೆರಳು ಟಿಕೆಟ್ ಮಿಷನ್ನಿನ ಮೇಲೆ.
ನೂರಕ್ಕೆ ತೊಂಬತ್ತು ಸರಿ.

ಉಳಿದ ಹತ್ತು?

ಒಂದು ರಾತ್ರಿ, ಬನಶಂಕರಿಗೆ ಕೊನೇ ಟ್ರಿಪ್ಪು.
ಮಡಿಲಲ್ಲಿ ಸ್ಟೀಲಿನ ಕ್ಯಾರಿಯರ್ ಇಟ್ಟುಕೊಂಡ ಹೆಂಗಸು.
ದಿನಾ ಅದೇ ಹೊತ್ತು, ಅದೇ ಸೀಟು, ಅದೇ ಆಸ್ಪತ್ರೆ ಸ್ಟಾಪು.
ಸೀಟಿ ಊದಿದೆ. ಬಸ್ಸು ನಿಂತಿತು.
ಅವಳು ಏಳಲಿಲ್ಲ.
ಎರಡು ಸ್ಟಾಪು ದಾಟಿದ ಮೇಲೆ ಮುಚ್ಚಳ ತೆಗೆದು
ಡ್ರೈವರಿಗೂ ನನಗೂ ಚಿತ್ರಾನ್ನ ಹಾಕಿಕೊಟ್ಟಳು.
ಇನ್ನೂ ಬಿಸಿಯಿತ್ತು.
ನಾವು ಏನೂ ಕೇಳದೆ ತಿಂದೆವು.

ಅವಳನ್ನು ನಿನ್ನ ನಾನೂರರಲ್ಲಿ ಎಲ್ಲಿ ಕೂರಿಸ್ತೀಯ?

ನೌಶೀನ್ ಉತ್ತರಿಸುವುದಿಲ್ಲ. ಬೆಲ್ಟು ಸಡಿಲಿಸುತ್ತಾಳೆ.
ಚರ್ಮದ ಮೇಲೆ ಚೌಕದ ಅಚ್ಚು.
"ಅರವತ್ತೆಂಟು ಅಂದ್ರೆ ಒಳ್ಳೇದೇ," ಅನ್ನುತ್ತಾಳೆ ಆಮೇಲೆ,
ನೆಲ ನೋಡಿಕೊಂಡು.

ಹೊರಗೆ ವಿಲ್ಸನ್ ಗಾರ್ಡನ್ನಿನ ರಸ್ತೆಯಲ್ಲಿ
ದೊಡ್ಡ ಬಸ್ಸೊಂದು ಗಕ್ಕನೆ ಬ್ರೇಕು ಹಾಕಿತು.
ಯಾರೂ ಹೇಳದೆ
ನನ್ನ ಎಡಗಾಲು ಅರ್ಧ ಅಡಿ ಅಗಲಕ್ಕೆ ಸರಿದು
ಮೈಯ ಭಾರ ಹೊತ್ತು ನಿಂತಿತು.

ಡಬ್ಬಿಗಳು ಆಗಲೇ ಚಾರ್ಜಿಗೆ ಹೋಗಿದ್ದವು.