ಹದಿನಾರು ಇಂಚಿಗೊಂದು

ಮೊದಲು ಪಟ್ಟಿಯನ್ನು ಕೆನ್ನೆಗೆ ತಾಗಿಸಿ ನೋಡಿ,
ಕೋವಿಗೆ ಗುರಿ ಕಟ್ಟುವ ಹಾಗೆ, ಒಂದು ಕಣ್ಣು ಮುಚ್ಚಿ.
ಯಾವ ಮರವೂ ಪೂರ್ತಿ ನೆಟ್ಟಗಿರುವುದಿಲ್ಲ.
ಉಬ್ಬು ಎತ್ತಲೋ ಅತ್ತ ಪೆನ್ಸಿಲಿನಲ್ಲಿ ಬಾಣ ಎಳೆಯಿರಿ.
ಎಲ್ಲ ಉಬ್ಬೂ ಒಂದೇ ಕಡೆಗಿದ್ದರೆ
ಗೋಡೆಗೆ ತನ್ನ ಡೊಂಕು ಗೊತ್ತಾಗುವುದಿಲ್ಲ.

ಈ ಮಾತು ಹೇಳುತ್ತಿರುವುದು ಹತ್ತೊಂಬತ್ತನೆಯ ಮನೆಗೆ.
ಕೆಂಟಕಿಯ ಈ ಕಣಿವೆಗೆ ಇವತ್ತು ಬಂದವರು ಹನ್ನೊಂದು ಮಂದಿ:
ಓಹಾಯೋದಿಂದ ನಿವೃತ್ತ ದಂತವೈದ್ಯ ವೆಂಡೆಲ್,
ಅವನ ಸುತ್ತಿಗೆಗೆ ಬೆಲೆಚೀಟಿ ಇನ್ನೂ ಅಂಟಿಕೊಂಡಿದೆ;
ಚರ್ಚಿನ ಹುಡುಗಿಯರು, ಉಗುರಿಗೆಲ್ಲ ಒಂದೇ ಹಸಿರು;
ಬ್ಯಾಂಕಿನವನೊಬ್ಬ, ಏಟು ತಪ್ಪಿದಾಗಲೆಲ್ಲ
ಕ್ಷಮೆ ಕೇಳುತ್ತಾನೆ,
ನನ್ನನ್ನಲ್ಲ, ಮೊಳೆಯನ್ನು.

ಸುತ್ತಿಗೆಯ ಕುತ್ತಿಗೆ ಹಿಸುಕಬೇಡ ಮಗೂ,
ಹಿಡಿಯ ತುದಿಗೆ ಹಿಡಿ. ಭಾರ ಅದರದು, ಬೀಸು ಮಾತ್ರ ನಿನ್ನದು.
ಬಾಗಿದ ಮೊಳೆಯನ್ನು ಕಿತ್ತು ಈ ಕಾಫಿ ಡಬ್ಬಕ್ಕೆ ಹಾಕು.
ಸಂಜೆ ಡಬ್ಬ ಖಾಲಿಯಿದ್ದರೆ
ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತ ಅರ್ಥ.

ಟೇಪಿನಲ್ಲಿ ಹದಿನಾರಕ್ಕೊಂದು ಕೆಂಪು ಗುರುತು ನೋಡಿ.
ಗೀಟು ಎಳೆದು, ಪಟ್ಟಿ ನಿಲ್ಲುವ ಬದಿಗೆ ಕತ್ತರಿ ಹಾಕಿ.
ಬದಿ ತಪ್ಪಿದರೆ ಒಂದೂವರೆ ಇಂಚು.
ಅದೇನು ಮಹಾ ಅನ್ನಿಸುತ್ತದೆ,
ಮೇಲುಹೊದಿಕೆಯ ಹಲಗೆ ಬಂದು
ಅದರ ಅಂಚು ಗಾಳಿಯಲ್ಲಿ ನಿಲ್ಲುವವರೆಗೆ.

ಆರ್ವಿಲ್ ನ್ಯಾಪಿಯರ್, ಮನೆ ಅವನದು,
ಮಡಚುವ ಕುರ್ಚಿಯಲ್ಲಿ ಕೂತು
ಉದ್ದ ಮೊಳೆ, ಗಿಡ್ಡ ಮೊಳೆ ಬೇರೆ ಮಾಡುತ್ತಿದ್ದ.
ಹಳೆಯ ಮನೆ ಹೋದ ರಾತ್ರಿಯ ಬಗ್ಗೆ ಅವನು ಹೇಳಿಲ್ಲ,
ನಾವು ಕೇಳಿಲ್ಲ.
ಆಳೆತ್ತರದ ಕಂಬಗಳ ಮೇಲೆ ಹಾಕಿದ ಹೊಸ ನೆಲ
ಹೇಳುವಷ್ಟನ್ನು ಹೇಳುತ್ತಿತ್ತು.

ನಕ್ಷೆಯಲ್ಲಿ ಹಳ್ಳದ ಕಡೆಗೊಂದು ಕಿಟಕಿ.
ಪಾಪ, ಮತ್ತೆ ಆ ನೀರು ಯಾಕೆ ಅವನ ಕಣ್ಣಿಗೆ ಅಂದುಕೊಂಡು
ಯಾರನ್ನೂ ಕೇಳದೆ, ನಾನೇ,
ಆ ಜಾಗಕ್ಕೂ ಹೊಡೆಸಿದೆ ಹದಿನಾರು ಇಂಚಿಗೊಂದು.

ಊಟದ ನಂತರ ಅವನು ಎದ್ದು ಬಂದ.
ಮಲಗಿದ್ದ ಗೋಡೆಯ ಪಕ್ಕ ನಡೆದ,
ಪಟ್ಟಿ ಎಣಿಸಿದ, ಮತ್ತೆ ಎಣಿಸಿದ.
'ಕಿಟಕಿ ಎಲ್ಲಿ?'
ನಿಮಗೆ ನೋಡಲು ಕಷ್ಟ ಆಗಬಹುದು ಅಂತ, ಅಂದೆ.
'ಅವತ್ತು ನನ್ನ ಕೋಣೆಗೆ ಆ ಕಡೆ ಕಿಟಕಿ ಇರಲಿಲ್ಲ' ಅಂದ,
ಅಷ್ಟೇ.

ಮೂರು ಪಟ್ಟಿ, ಹನ್ನೆರಡು ಮೊಳೆ.
ಕೀಳುವ ಕೆಲಸ ವೆಂಡೆಲನಿಗೆ ಕೊಟ್ಟೆ;
ಬೆಳಗಿನಿಂದ ಒಂದನ್ನೂ ನೆಟ್ಟಗೆ ಹೊಡೆಯದವನು
ಎಷ್ಟು ಮೆತ್ತಗೆ ಅಲುಗಿಸಿ ಅಲುಗಿಸಿ, ಮರಕ್ಕೆ ನೋಯದ ಹಾಗೆ,
ಬೇರು ಸಮೇತ ತೆಗೆದ!
ಹನ್ನೆರಡನ್ನೂ ನಾನೇ ಡಬ್ಬಕ್ಕೆ ಹಾಕಿದೆ,
ಎಲ್ಲರಿಗೂ ಸದ್ದು ಕೇಳಿಸುವಂತೆ.

ಮೇಲ್ತೊಲೆ ಕೂತಿತು. ಬೆನ್ನು ಬಗ್ಗಿಸಬೇಡಿ, ಮಂಡಿ ಬಗ್ಗಿಸಿ;
ಒಂದು, ಎರಡು, ಈಗ.
ಹನ್ನೊಂದು ಜನರ ಮುಖದ ಮುಂದೆ ಗೋಡೆ ಎದ್ದಿತು.
ಯಾರೂ ಕೈ ಬಿಡಬೇಡಿ. ರಸಮಟ್ಟ ಹಿಡಿ ಮಗೂ,
ಗುಳ್ಳೆ ನಡುವಿಗೆ ಬಂತಾ? ಇನ್ನೊಂದು ಕೂದಲೆಳೆ. ಬಂತು.
ಆಸರೆ ಹೊಡಿ.

ಚೌಕಟ್ಟಿನಾಚೆ ಹಳ್ಳ, ಪಾದ ಮುಳುಗದಷ್ಟು,
ಏನೂ ಮಾಡದವರ ಹಾಗೆ ಹರಿಯುತ್ತಿತ್ತು.
ಆರ್ವಿಲ್ ಕುರ್ಚಿಯನ್ನು ಒಳಗೆ ತಂದು ಹಾಕಿ
ಕೂತ. ಕತ್ತು ಉದ್ದ ಮಾಡಿದ. ಎದ್ದ. ಮತ್ತೆ ಕೂತ.
'ಆರಿಂಚು ಕೆಳಗಿದ್ದಿದ್ದರೆ' ಅಂದ,
'ಕೂತಲ್ಲಿಂದಲೇ ಕಾಣುತ್ತಿತ್ತು.'

ನಾನು ಡಬ್ಬದ ಕಡೆ ನೋಡಿದೆ.
ವೆಂಡೆಲ್ ಆಗಲೇ ತೋಳು ಮಡಚುತ್ತಿದ್ದ.