ಬಿರಡೆ

ಬ್ಯಾಲರಾಟ್. ಜೂನ್ ತಿಂಗಳ ಕೊರೆವ ಬೆಳಗು.
ಹಿಂದಿನ ಬೀದಿಯಲ್ಲಿ ಚರಂಡಿ ತೋಡುವ ಡರ್ಮಟ್ ಹ್ಯಾನಿಗನ್
ಲ್ಯಾಬಿಗೆ ನುಗ್ಗಿದ, ಬೂಟಿನ ಕೆಸರು ಸಮೇತ,
ಕಂಕುಳಲ್ಲಿ ಒಂದು ಕಂದು ಸೀಸೆ.
‘ಒಳಗೇನೋ ಕುಲುಕುತ್ತಿದೆ.
ನೀರು ನಿನ್ನ ಇಲಾಖೆ ತಾನೆ?’

ಗಾಜಲ್ಲ. ಉಪ್ಪೆರಚಿ ಸುಟ್ಟ ಜೇಡಿ.
ಭುಜದ ಮೇಲೆ ಉಂಗುರದಂಥ ಮುದ್ರೆ: ಸೆಲ್ಟರ್ಸ್.
ನಡುವೆ ಮುಖ ಸವೆದ ಪ್ರಾಣಿ,
ಸಿಂಹವೋ, ನೆಗಡಿಯಾದ ನಾಯಿಯೋ.

ಅದೊಂದು ಜರ್ಮನ್ ಹಳ್ಳಿ, ಅವನಿಗೆ ಹೇಳಿದೆ.
ಅಲ್ಲಿ ನೆಲ ತಾನಾಗಿ ತೇಗುತ್ತದೆ.
ಆ ತೇಗು ಹಾರಿಹೋಗದಂತೆ ಬಿರಡೆ ಜಡಿದು
ಮೇಲೆ ತೊಗಲು ಬಿಗಿದು, ರಾಳ ಮೆತ್ತಿ
ಹೊಳೆ ದಾಟಿಸಿದರು, ಕಡಲು ದಾಟಿಸಿದರು.
ಎದೆಯುರಿಗೆ ಹಾಗೇ ಕುಡಿ,
ಕಫಕ್ಕಾದರೆ ಬಿಸಿ ಹಾಲಿಗೆ ಬೆರೆಸು.
ಬಾಯಿಂದ ಬಾಯಿಗೆ ಊರಿನ ಹೆಸರು ಸವೆದು
ಸೆಲ್ಟ್ಜರ್ ಆಯಿತು, ಯಾರ್ಯಾರದೋ ಕಾರ್ಖಾನೆಯ
ಗ್ಯಾಸು ತುಂಬಿದ ನಲ್ಲಿ ನೀರಿಗೂ ಅಂಟಿತು.
ಹೆಸರಿಗೆ ಬಿರಡೆ ಎಲ್ಲಿದೆ?

ಡರ್ಮಟ್ ಕೈಗಡಿಯಾರ ನೋಡಿದ.

ಬಿರಡೆ ಕಿತ್ತೆ. ಕಿವಿ ಹತ್ತಿರ ಹಿಡಿದೆ,
ಗೋಲಿ ಸೋಡಾದ ಆ ಒಂದು ಚೀರಾಟಕ್ಕೆ
ಶಾಲೆಯ ಗೇಟಿನಲ್ಲಿ ಕಾದ ಹಾಗೆ.
ಬುಸ್ ಅನ್ನಲಿಲ್ಲ. ಜೇಡಿಯೂ ಉಸಿರಾಡುತ್ತದೆ,
ಇಷ್ಟು ವರ್ಷ ಯಾವ ಗ್ಯಾಸು ಕಾದೀತು?
ಆದರೂ ಉಪ್ಪು ಓಡಿಹೋಗುವುದಿಲ್ಲವಲ್ಲ.
ಸೋಡಿಯಂ, ಬೈಕಾರ್ಬನೇಟ್, ಕ್ಲೋರೈಡ್:
ಆ ನೀರಿನ ಜಾತಕ ನನಗೆ ಬಾಯಿಪಾಠ.

ಮಧ್ಯಾಹ್ನದ ಹೊತ್ತಿಗೆ ಯಂತ್ರ ಉಗುಳಿದ ಚೀಟಿಯಲ್ಲಿ
ಇವು ಯಾವುವೂ ಇಲ್ಲ ಅನ್ನುವಷ್ಟು.
ಇದ್ದದ್ದು ತುಸು ಸತು, ತುಸು ಸೀಸ.
ತಗಡಿನ ಮಾಡಿನಿಂದ ತೊಟ್ಟಿಗಿಳಿದ ಮಳೆ.
ಇದೇ ಊರಿನದು.

ಹಾಗಾದರೆ ಹೀಗಿರಬೇಕು:
ಚಿನ್ನ ಸಿಕ್ಕವನೊಬ್ಬ ಜರ್ಮನ್ ನೀರು ಕುಡಿದು, ತೇಗಿ,
ಸೀಸೆ ಬಿಸಾಕಿದ. ಸಿಗದವನೊಬ್ಬ ಹೆಕ್ಕಿದ.
ಡೇರೆಯೊಳಗೆ ಮಳೆನೀರು ಕಾಯಿಸಿ ತುಂಬಿ
ಅದೇ ಬಿರಡೆ ಒತ್ತಿ, ಹಳೇ ಕಾಲುಚೀಲ ಸುತ್ತಿ
ಅಂಗಾಲಿಗೆ ಆನಿಸಿಕೊಂಡು ಮಲಗಿದ.
ಆಮೇಲೆ ಏನಾಯಿತೋ. ಬೆಳಿಗ್ಗೆ ಚೆಲ್ಲಲಿಲ್ಲ.

ನಮೂನೆಯಲ್ಲಿ ಬರೆದೆ. ಉಷ್ಣತೆ: ಹನ್ನೊಂದು ಡಿಗ್ರಿ.

ಸಂಜೆ ಡರ್ಮಟ್ ಮತ್ತೆ ಬಂದ. ‘ಜರ್ಮನ್ನೋ?’
ಅಲ್ಲ, ಅಂದೆ. ಮುಖ ಸಣ್ಣಗಾಯಿತು.
ಆದರೂ ಸೀಸೆ ಕೇಳಿ ಇಸಕೊಂಡ.
ಅವನ ಹೆಂಡತಿಯ ಕಾಲು ಸದಾ ತಣ್ಣಗಂತೆ.