ಗುಂಡಿಯಿಂದ ಕಂಡದ್ದು

ಎರ್ಮೆತೆ ಫೆಲ್ಲೆತ್ತಿಯನ್ನು ನಾನು ಕಂಡದ್ದು ಕಾಲಿನ ಕಡೆಯಿಂದ.
ಫೆರಾರಾದ ರಂಗಮಂದಿರ, ವೇದಿಕೆಯ ಅಂಚು,
ಆಮೆಚಿಪ್ಪಿನಂಥ ಒಂದು ಮರದ ಮುಚ್ಚಳ.
ಅದರಡಿಯ ಗುಂಡಿಯಲ್ಲಿ ನಾನು, ಒಂದು ದೀಪ, ಒಂದು ಪ್ರತಿ.
ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ.
ಇಪ್ಪತ್ತಾರು ವರ್ಷ.
ಸಂಬಳ ಕಡಿಮೆ, ಧೂಳು ಧಾರಾಳ.

ಅವನ ಮೊದಲ ಬೂಟು ಎರವಲಿನದು. ಬಲಗಾಲಿಗೆ ಬಿಗಿ.
ಸ್ವರ ಏರುವಾಗ ಹೆಬ್ಬೆರಳು ಒಳಗೇ ಮಡಚಿಕೊಳ್ಳುವುದು
ಚರ್ಮದ ಮೇಲೆ ಉಬ್ಬಿ ಕಾಣುತ್ತಿತ್ತು.

ಕೊಮಾಕ್ಕಿಯೊದ ಹುಡುಗ.
ಅಪ್ಪ ಜೌಗಿನಲ್ಲಿ ಹಾವುಮೀನು ಹಿಡಿಯುವವ,
ಅವ್ವ ಅದನ್ನು ಸುಟ್ಟು, ಹುಳಿನೀರಿಗೆ ಹಾಕಿ, ಪೀಪಾಯಿ ತುಂಬುವವಳು,
ಇವನು ಸೇತುವೆಯ ಮೇಲೆ ನಿಂತು ಕೂಗಿ ಮಾರುವವ.
ಕೂಗು ಕಾಲುವೆಯ ನೀರಿನ ಮೇಲೆ ಜಾರಿ
ಆಚೆ ದಡದ ಬಾಗಿಲು ತಟ್ಟುತ್ತಿತ್ತಂತೆ.
ಚರ್ಚಿನಲ್ಲಿ ಆರ್ಗನ್ ನುಡಿಸುವ ದೋನ್ ಸೆವೆರೊ
ಮೀನು ಕೊಳ್ಳಲು ಬಂದು ಹುಡುಗನನ್ನೇ ಕೊಂಡುಹೋದ,
ಹಾಗೆಂದು ಅವ್ವ ಸಾಯುವವರೆಗೂ ಬೈದಳು.
‘ಬಾಯಿ ತೆರೆದರೆ ಸಾಲದು ಮಗಾ, ಬೆನ್ನು ತೆರೆ’
ಎಂದನಂತೆ ಮುದುಕ, ಹತ್ತು ವರ್ಷ.

ಆ ರಾತ್ರಿ ಅಸಲು ಗಾಯಕನಿಗೆ ಜ್ವರ. ಬದಲಿಗೆ ಇವನು.
ತಾರಷಡ್ಜಕ್ಕೆ ಮುಂಚಿನ ಉಸಿರಿನಲ್ಲಿ
ಮೇಲಿನ ಗ್ಯಾಲರಿ ಕುಂಬಳಬೀಜ ಕಡಿಯುವುದನ್ನು ನಿಲ್ಲಿಸಿತು.
ಆಮೇಲೆ ಬಂತು.
ನನ್ನ ದೀಪದ ಗಾಜು ಸಣ್ಣಗೆ ನಡುಗಿತು.
ಸುಳ್ಳು ಎನ್ನುವಿರಾದರೆ ಎನ್ನಿ,
ಗಾಜು ಇನ್ನೂ ಇದೆ ನನ್ನಲ್ಲಿ.

ಬೂಟು ಬದಲಾಯಿತು. ಮಿಲಾನಿನ ಕರುಚರ್ಮ,
ಬ್ಯೂನಸ್ ಐರಿಸಿನ ಬೆಳ್ಳಿ ಬಕಲು.
ಉಡುಪು ಹೊಲಿಯುವ ವಿತ್ತೊರಿನಾಳನ್ನು ಮದುವೆಯಾದ,
ಅವಳು ವರ್ಷಕ್ಕೊಂದು ಸಲ ಸೊಂಟಪಟ್ಟಿ ಸಡಿಲಿಸಿದಳು.
ಪ್ರತಿ ಚಳಿಗಾಲ ನಮ್ಮೂರಿಗೆ ಬಂದೇ ಬಂದ,
ನನ್ನಿಂದ ಮಾತ್ರ ಒಂದು ಮಾತೂ ಪಡೆಯಲಿಲ್ಲ.
ನಾನು ಎತ್ತುವ ಮೊದಲೇ ಅವನು ಎತ್ತಿಯಾಗಿರುತ್ತಿತ್ತು.
ಗರ್ವ.
ನನಗೂ ಕೋಪ, ಏಕೆ ಸುಳ್ಳು ಹೇಳಲಿ.

ಪಾರ್ಮಾದಲ್ಲಿ ಸ್ವರ ಒಡೆಯಿತು.
ನಾನಿರಲಿಲ್ಲ, ಕೇಳಿದ್ದು: ಹಸಿ ಕಟ್ಟಿಗೆ ಸೀಳಿದ ಹಾಗೆ.
ಮೇಲಿನಿಂದ ಸಿಳ್ಳು, ಯಾವನೋ ‘ಹಾವುಮೀನೇ!’ ಎಂದ.
ಅಲ್ಲಿಂದಾಚೆ ವಾದ್ಯದವರು ಅರ್ಧ ಸ್ವರ ತಗ್ಗಿಸಿ ನುಡಿಸಿದರು.
ಗುಟ್ಟು ನಲವತ್ತು ಜನಕ್ಕೆ ಮಾತ್ರ ಗೊತ್ತಿತ್ತು,
ಎಂದರೆ ಊರಿಗೆಲ್ಲ.

ಯುದ್ಧದಲ್ಲಿ ನಮ್ಮ ಕುರ್ಚಿಗಳು ಒಲೆಗೆ ಹೋದವು.
ಅವನು ಮದುವೆಮನೆಗಳಲ್ಲಿ ಹಾಡಿದ, ಹಿಟ್ಟಿಗೆ, ಒಮ್ಮೆ ಎರಡು ಕೋಳಿಗೆ.
ಬೂಟು ಯಾವುದೆಂದು ನೋಡಲು ಆಗ ನನಗೆ ಗುಂಡಿ ಇರಲಿಲ್ಲ.

ಈಗ ಗುರುವಾರ ಗುರುವಾರ ಬಸ್ಸು ಹತ್ತಿ ಕೊಮಾಕ್ಕಿಯೊಗೆ ಹೋಗುತ್ತೇನೆ.
ವಿತ್ತೊರಿನಾ ಸೂಪು ಬಡಿಸುತ್ತಾಳೆ.
ಅವನು ಕೈಯಲ್ಲಿರುವುದನ್ನು ನೋಡುತ್ತಾನೆ,
ತುಟಿ ಬಿಡಿಸಿ ಕಾಯುತ್ತಾನೆ.
‘ಚಮಚ’ ಎನ್ನುತ್ತೇನೆ, ಅರ್ಧ ಮಾತ್ರೆ ಮುಂಚೆ, ಸಭೆಗೆ ಕೇಳದ ಹಾಗೆ.
‘ಚಮಚ’ ಎನ್ನುತ್ತಾನೆ, ಸಭೆಗೆ ಕೇಳುವ ಹಾಗೆ.
‘ಉಪ್ಪು.’ ‘ಕಿಟಕಿ.’
ಅವಳು ಬೆನ್ನು ತಿರುಗಿಸಿದಾಗ, ‘ವಿತ್ತೊರಿನಾ.’
ಅದೊಂದನ್ನು ಎರಡು ಸಲ ಕೇಳಿ ಪಡೆಯುತ್ತಾನೆ.

ಹೋದ ವಾರ ಬಾಗಿಲಲ್ಲಿ ಕೂತಿದ್ದೆವು.
ಸೇತುವೆಯ ಮೇಲೆ ಒಬ್ಬ ಪೋರ ಬುಟ್ಟಿ ಇಟ್ಟುಕೊಂಡು
ನಾಚಿಕೆಯಿಂದ ಕೂಗುತ್ತಿದ್ದ, ತನ್ನ ಅಂಗಿಗೇ ಕೇಳಿಸುವಷ್ಟು.
ಎರ್ಮೆತೆ ಎದ್ದು ನಿಂತ.
ಹಳೇ ಚಟ, ನಾನು ಕಾಲು ನೋಡಿದೆ:
ಉಣ್ಣೆಯ ಚಪ್ಪಲಿಯೊಳಗೆ ಹೆಬ್ಬೆರಳು ಮಡಚಿತು.
ಆ ಸಾಲು ನನ್ನ ಪ್ರತಿಯಲ್ಲಿ ಇರಲಿಲ್ಲ.
ದನಿ ಒಡಕು, ತಗ್ಗಿದ್ದು ಅರ್ಧವಲ್ಲ, ನಾಲ್ಕು ಸ್ವರ,
ಆದರೂ ನೀರಿನ ಮೇಲೆ ಜಾರಿತು.

ಆಚೆ ದಡದಲ್ಲಿ ಒಬ್ಬಳು ಬಾಗಿಲು ತೆಗೆದು,
ಕೈಯ ಹಿಟ್ಟು ಒರೆಸಿಕೊಳ್ಳುತ್ತ ಕೇಳಿದಳು:
‘ಕಿಲೋಗೆ ಎಷ್ಟು?’

ಅವನು ನನ್ನ ಕಡೆ ತಿರುಗಿದ,
ತುಟಿ ಬಿಡಿಸಿ.